ಊರಿಗೆ ಚೆಕ್ಕು ಬರೆದವರೂ, ಊರಿನ ಬೆಂಚು ಎತ್ತಿಟ್ಟವರೂ

"ನಮ್ಮೂರು ಈಗ ಮೊದಲಿನ ಹಾಗಿಲ್ಲ ಮಾರಾಯ್ರೆ..."

ದೆಹಲಿ ಸುತ್ತಮುತ್ತ ನಾಲ್ಕು ಜನ ಕನ್ನಡಿಗರು ಸೇರಿದರೆ ಈ ಮಾತು ಬಂದೇ ಬರುತ್ತದೆ. ಯುಗಾದಿ ಊಟದಲ್ಲಿ ಒಬ್ಬಟ್ಟಿನ ಮೇಲೆ ತುಪ್ಪ ಬೀಳುವ ಮೊದಲೇ ಬರುತ್ತದೆ. ರಾಜ್ಯೋತ್ಸವದ ದಿನ ಮಕ್ಕಳ ಡ್ಯಾನ್ಸು ಮುಗಿಯುವುದರೊಳಗೆ ಬರುತ್ತದೆ. ಊರಿನಲ್ಲಿ ಯುವಕರಿಲ್ಲವಂತೆ, ತಾಳಮದ್ದಲೆ ಕೇಳುವವರಿಲ್ಲವಂತೆ, ಶಾಲೆಯಲ್ಲಿ ಮಕ್ಕಳಿಲ್ಲವಂತೆ, ಯಾರಿಗೂ ಊರಿನ ಮೇಲೆ ಅಭಿಮಾನವೇ ಇಲ್ಲವಂತೆ. ಹೇಳುವವರು ಯಾರು ಅಂದರೆ, ಊರು ಬಿಟ್ಟು ಇಪ್ಪತ್ತೈದು ವರ್ಷ ಆದವರು! ಯುವಕರಿಲ್ಲ ಅಂತ ದುಃಖ ಪಡುತ್ತಿರುವವರ ಇಬ್ಬರು ಮಕ್ಕಳಲ್ಲಿ ಒಬ್ಬ ಪುಣೆಯಲ್ಲಿ, ಇನ್ನೊಬ್ಬಳು ಟೊರೊಂಟೋದಲ್ಲಿ.

ನಾನು ಗ್ರೇಟರ್ ನೋಯ್ಡಾಕ್ಕೆ ಬಂದು ಸುಮಾರು ಇಪ್ಪತ್ತು ವರ್ಷ ಆಯಿತು. ಈ ಮಾತನ್ನು ಇಷ್ಟು ಸಲ ಕೇಳಿದ ಮೇಲೆ ಒಂದು ತಕರಾರು ಎತ್ತಲೇಬೇಕು ಅನ್ನಿಸಿದೆ. ಊರಿನ ಬಗ್ಗೆ ಅಳುವ ಹಕ್ಕು ಯಾರಿಗಿದೆ ಅನ್ನುವುದೇ ಆ ತಕರಾರು.

ನಮ್ಮವರು ಊರಿಗೆ ಏನೂ ಮಾಡುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ದುಡ್ಡು ಕೊಡುತ್ತಾರೆ, ಧಾರಾಳವಾಗಿ ಕೊಡುತ್ತಾರೆ. ರಥೋತ್ಸವಕ್ಕೆ, ಕಳಶ ಪ್ರತಿಷ್ಠೆಗೆ, ಅನ್ನಸಂತರ್ಪಣೆಗೆ. ಗ್ರಾನೈಟ್ ಕಲ್ಲಿನ ಮೇಲೆ ಹೆಸರು, ಹೆಸರಿನ ಮುಂದೆ ಮೊತ್ತ, ಮೊತ್ತದ ಕೆಳಗೆ "ನವದೆಹಲಿ" ಅಂತ ಕೆತ್ತಿಸುತ್ತಾರೆ (ಇರುವುದು ಗ್ರೇಟರ್ ನೋಯ್ಡಾ ಆದರೂ ಕಲ್ಲಿನ ಮೇಲೆ ನವದೆಹಲಿಯೇ). ಕೆಲವು ವರ್ಷಗಳ ಹಿಂದೆ ನನ್ನ ಪರಿಚಯದ ಒಂದು ಊರಿನವರು ಹೀಗೇ ಹಣ ಕೂಡಿಸಿದರು. ಊರಿನಲ್ಲಿದ್ದವರೊಬ್ಬರು ಫೋನಿನಲ್ಲಿ, ಶಾಲೆಯ ಹಂಚು ಒಡೆದು ಮೂರನೇ ಕ್ಲಾಸಿನೊಳಗೆ ಮಳೆ ಬೀಳುತ್ತಿದೆ ಅಂದರು. ಗುಂಪಿನಲ್ಲಿ ಎರಡು ದಿನ ಚರ್ಚೆಯಾಯಿತು. ಕೊನೆಗೆ ಗೆದ್ದದ್ದು ಮಹಾದ್ವಾರ! ಬಸ್ಸಿನಲ್ಲಿ ಹೋಗುವವರಿಗೆ ಕಾಣುತ್ತದಲ್ಲ. ಹಂಚು ಹೊದಿಸಿದರೆ ಒಳಗೆ ಕೂತ ಮಕ್ಕಳಿಗೆ ಮಾತ್ರ ಗೊತ್ತಾಗುತ್ತದೆ.

ಶಾಲೆಯ ವಿಷಯ ಬಂತಲ್ಲ, ಒಂದು ಪ್ರಶ್ನೆ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2001ರಿಂದ ಎಸ್‌ಡಿಎಂಸಿ ಅಂತ ಒಂದು ಸಮಿತಿ ಇದೆ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಅದರಲ್ಲಿ ಕೂರುವವರು ಆ ಶಾಲೆಗೆ ಮಕ್ಕಳನ್ನು ಕಳಿಸುವ ತಂದೆ ತಾಯಿಯರು. ನೀವು ಓದಿದ ಶಾಲೆಯ ಈಗಿನ ಸಮಿತಿಯಲ್ಲಿ ಯಾರಿದ್ದಾರೆ, ಹೇಳಿ ನೋಡೋಣ? ಅದು ಕೂಲಿಗೆ ಹೋಗುವ ಹೆಂಗಸು ಇರಬಹುದು, ಗ್ಯಾರೇಜಿನಲ್ಲಿ ಕೆಲಸ ಮಾಡುವ ಹುಡುಗ ಇರಬಹುದು. ಒಂದು ದಿನದ ಸಂಬಳ ಬಿಟ್ಟು ಅವರು ಸಭೆಗೆ ಬರುತ್ತಾರೆ, ಮೇಷ್ಟ್ರು ಇಲ್ಲ ಅಂತ ಬಿಇಒ ಆಫೀಸಿಗೆ ಅಲೆಯುತ್ತಾರೆ. ನಮ್ಮ ಮಾತಿನಲ್ಲಿ ಇವರೇ "ಅಭಿಮಾನ ಇಲ್ಲದ ಈಗಿನ ಜನ"!

ಒಂದು ಸಣ್ಣ ಊರು ನಡೆಯುವುದು ಹೇಗೆ ಅನ್ನುವುದು ನಮ್ಮವರಿಗೆ ಮರೆತೇ ಹೋಗಿದೆ. ಹಬ್ಬದ ದಿನ ನಾವು ನೋಡುವುದು ಚಪ್ಪರ. ಅದಕ್ಕೆ ಕಂಬ ಹೂತವರು, ಗಣಪತಿಯ ಚಂದಾ ಪುಸ್ತಕ ಹಿಡಿದು ಬೈಸಿಕೊಂಡವರು, ಶಾಲೆಯ ಬೆಂಚು ಎತ್ತಿ ತಂದು ಮಾರನೇ ದಿನ ವಾಪಸ್ ಇಟ್ಟವರು, ಮೈಕಿನವನಿಗೆ ಬಾಕಿ ಕೊಟ್ಟವರು, ಖರ್ಚಿನ ಲೆಕ್ಕ ಬರೆದವರು ನಮಗೆ ಕಾಣುವುದಿಲ್ಲ. ಊರು ಅಂದರೆ ಈ ಕೆಲಸಗಳ ಮೊತ್ತ. ಸಾಗರದ ಕಡೆ ಒಂದು ಸಣ್ಣ ಸಂಘದ ಕಾರ್ಯದರ್ಶಿ ನನ್ನ ಸಂಬಂಧಿ. ಏನಾದರೂ ಕಳಿಸಲೇ ಅಂತ ಕೇಳಿದಾಗ ಆತ ಹೇಳಿದ್ದು ಇಷ್ಟು: "ದುಡ್ಡು ಹೆಂಗಾದ್ರೂ ಹುಟ್ಟುತ್ತೆ ಭಾವ, ನಡವಳಿ ಪುಸ್ತಕ ಬರೆಯೋಕೆ ಜನ ಹುಟ್ಟೋದಿಲ್ಲ. ಬಂದಾಗ ಒಂದು ಸಭೆಗೆ ಕೂತ್ಕಳಿ."

ಈ ನಡವಳಿ ಪುಸ್ತಕದ ಮಹಿಮೆ ಸಣ್ಣದಲ್ಲ. ಗದಗಿನ ಹತ್ತಿರದ ಕಣಗಿನಹಾಳ ಎಷ್ಟು ದೊಡ್ಡ ಊರು? 1904ರಲ್ಲಿ ಬ್ರಿಟಿಷ್ ಸರ್ಕಾರ ಸಹಕಾರ ಸಂಘಗಳ ಕಾಯಿದೆ ತಂದಿತು. ಮರುವರ್ಷ, 1905ರಲ್ಲೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಊರವರನ್ನು ಸೇರಿಸಿ ಅಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶದ ಮೊದಲನೆಯದು ಅಂತ ಅದನ್ನು ಗುರುತಿಸುತ್ತಾರೆ. ಇವತ್ತು ನಾವು ಸಲೀಸಾಗಿ "ಸೊಸೈಟಿ" ಅಂತ ಕರೆಯುವ, ಗೊಬ್ಬರಕ್ಕೂ ಬೆಳೆ ಸಾಲಕ್ಕೂ ರೈತರು ಹೋಗುವ ಆ ಬಾಗಿಲಿನ ಮೂಲ ಇಂಥ ಒಂದು ಹಳ್ಳಿಯ ಸಭೆಯಲ್ಲಿದೆ.

ಇನ್ನು ಹೆಗ್ಗೋಡು. ನೀನಾಸಂ ಹೆಸರು ಹೇಳಿ ಹೆಮ್ಮೆ ಪಡದ ಹೊರನಾಡ ಕನ್ನಡಿಗ ಇಲ್ಲ. ಆ ಹೆಸರನ್ನು ಬಿಡಿಸಿ ಓದಿ: ನೀಲಕಂಠೇಶ್ವರ ನಾಟ್ಯ ಸೇವಾ ಸಂಘ. ದೇವರ ಹೆಸರಿನಲ್ಲಿ ನಾಟಕ ಆಡಲು 1949ರಲ್ಲಿ ಊರವರು ಕಟ್ಟಿಕೊಂಡ ಒಂದು ಸಂಘ, ಕರ್ನಾಟಕದ ಸಾವಿರ ಊರುಗಳಲ್ಲಿ ಇದ್ದಂಥದ್ದೇ. 1972ರಲ್ಲಿ ಶಿವರಾಮ ಕಾರಂತರ ಹೆಸರಿನ ರಂಗಮಂದಿರ, ಮರುವರ್ಷ ಚಿತ್ರಸಮಾಜ, 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ತಿರುಗಾಟ, ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ. ಮೊದಲ ನಾಟಕ ಮತ್ತು ಪ್ರಶಸ್ತಿಯ ನಡುವೆ ನಲವತ್ತೆರಡು ವರ್ಷ! ಅಷ್ಟೂ ವರ್ಷ ಅಡಿಕೆ ಕೊಯ್ಲು ಮುಗಿಸಿ ಬಂದು ಬಣ್ಣ ಹಚ್ಚಿದವರು, ಪರದೆ ಕಟ್ಟಿದವರು, ಹೊರಗಿನಿಂದ ಬಂದವರಿಗೆ ಊಟ ಬಡಿಸಿದವರು ಆ ಸುತ್ತಲಿನ ಜನ.

"ಅದು ಬಿಡಿ, ಅಲ್ಲಿ ಸುಬ್ಬಣ್ಣ ಇದ್ದರು" ಅನ್ನುತ್ತಾರೆ ನಮ್ಮವರು. ಒಪ್ಪಿದೆ, ಸುಬ್ಬಣ್ಣ ಎಲ್ಲ ಊರಿನಲ್ಲೂ ಹುಟ್ಟುವುದಿಲ್ಲ. ಆದರೆ ಮೈಸೂರಿನಲ್ಲಿ ಓದಿದ ಅವರು ವಾಪಸ್ ಹೋಗಿ ಹೆಗ್ಗೋಡಿನಲ್ಲೇ ಇದ್ದರು, ಅದನ್ನು ಮರೆಯಬಾರದು. 2005ರಲ್ಲಿ ಅವರು ತೀರಿಕೊಂಡ ಮೇಲೂ ತಿರುಗಾಟ ನಿಲ್ಲಲಿಲ್ಲ. ಒಬ್ಬರ ಹೆಗಲ ಮೇಲೆ ಮಾತ್ರ ನಿಂತದ್ದಾಗಿದ್ದರೆ ಅವರ ಜೊತೆಗೇ ಬಿದ್ದುಹೋಗಬೇಕಿತ್ತಲ್ಲ?

ಈಗ ನಾವಿರುವ ಜಾಗಕ್ಕೆ ಬರೋಣ. ಕೆಲಸ ಮಾಡುವ ಜನರೇ ಇಲ್ಲದ ಊರು ಹೇಗಿರುತ್ತದೆ ಅಂತ ನೋಡಲು ದೂರ ಹೋಗಬೇಕಾಗಿಲ್ಲ, ಬಾಲ್ಕನಿಗೆ ಬಂದರೆ ಸಾಕು. ಆಲ್ಫಾ, ಬೀಟಾ, ಗಾಮಾ, ಡೆಲ್ಟಾ ಅಂತ ಗ್ರೀಕ್ ಅಕ್ಷರಮಾಲೆ ಓದಿದ ಹಾಗೆ ಸೆಕ್ಟರುಗಳು. ಅಗಲವಾದ ರಸ್ತೆ, ಸಾಲು ಮರ, ಪರಿ ಚೌಕ, 2019ರಿಂದ ಮೆಟ್ರೋ ಕೂಡ. ಎಲ್ಲ ಇದೆ, ಆದರೆ ಒಬ್ಬ ಕೌನ್ಸಿಲರ್ ಇಲ್ಲ. ಚರಂಡಿ ಕಟ್ಟಿದರೆ ಬಾಗಿಲು ಬಡಿಯಲು ನಮ್ಮ ಓಟಿನಿಂದ ಗೆದ್ದ ಒಬ್ಬ ವಾರ್ಡ್ ಮೆಂಬರ್ ಇಲ್ಲಿ ಯಾವತ್ತೂ ಇರಲಿಲ್ಲ. 1991ರಲ್ಲಿ ಉತ್ತರ ಪ್ರದೇಶದ 1976ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯಿದೆಯ ಕೆಳಗೆ ಹುಟ್ಟಿದ ಪ್ರಾಧಿಕಾರವೇ ಇಲ್ಲಿ ಎಲ್ಲ. ಅದರ ಮುಖ್ಯಸ್ಥರು ಸರ್ಕಾರ ಕಳಿಸುವ ಐಎಎಸ್ ಅಧಿಕಾರಿ. 74ನೇ ತಿದ್ದುಪಡಿ ನಗರಗಳಿಗೆ ಚುನಾಯಿತ ಪಾಲಿಕೆ ಕೊಟ್ಟಿತು ಅಂತ ಪುಸ್ತಕದಲ್ಲಿ ಓದಿದ್ದೇವೆ. ಅದೇ ಸಂವಿಧಾನದ 243ಕ್ಯೂ ವಿಧಿಯಲ್ಲಿ "ಕೈಗಾರಿಕಾ ಟೌನ್‌ಶಿಪ್" ಅನ್ನುವ ಒಂದು ಸಣ್ಣ ಕಿಂಡಿ ಇದೆ. ಈ ಇಡೀ ಶಹರು ಆ ಕಿಂಡಿಯೊಳಗೆ ಕೂತಿದೆ.

ನಮ್ಮ ಕಥೆ ಹಾಗಿರಲಿ. ನಮ್ಮ ಟವರುಗಳ ನಡುವೆ ನಿಜವಾದ ಹಳ್ಳಿಗಳಿವೆ, ಕಾಸನಾ, ಸೂರಜ್‌ಪುರ, ಬಿಸರಖ್ ಅಂತ. ಎಮ್ಮೆ, ಹುಕ್ಕಾ, ಪಂಚಾಯ್ತಿ ಕಟ್ಟೆ ಎಲ್ಲ ಇದ್ದ ಊರುಗಳು. 2015ರಲ್ಲಿ ರಾಜ್ಯದಲ್ಲಿ ಪಂಚಾಯ್ತಿ ಚುನಾವಣೆ ನಡೆದಾಗ ಪ್ರಾಧಿಕಾರದ ಕೆಳಗಿನ ಹಳ್ಳಿಗಳಲ್ಲಿ ನಡೆಯಲಿಲ್ಲ. ಕೈಗಾರಿಕಾ ಟೌನ್‌ಶಿಪ್ ಆಯಿತಲ್ಲ, ಇನ್ನು ಪ್ರಧಾನ ಯಾಕೆ? ಮೊದಲು ಭೂಮಿ ಹೋಗಿತ್ತು, ಆಮೇಲೆ ಸಭೆಯೂ ಹೋಯಿತು. ಆಗ ನಮ್ಮ ಸೊಸೈಟಿಗಳಲ್ಲಿ ಯಾರಾದರೂ ತುಟಿ ಬಿಚ್ಚಿದರೇ? ನಮ್ಮ ಲಿಫ್ಟಿನ ಚರ್ಚೆಯೇ ಮುಗಿದಿರಲಿಲ್ಲ.

ಕೇಳುವವರಿಲ್ಲದ ಜಾಗದಲ್ಲಿ ಏನಾಗುತ್ತದೆ ಅನ್ನುವುದಕ್ಕೆ ಶಾಹಬೇರಿ ಇದೆ. ಗ್ರೇಟರ್ ನೋಯ್ಡಾ ವೆಸ್ಟ್‌ನ ಈ ಹಳ್ಳಿಯ ಭೂಸ್ವಾಧೀನವನ್ನು 2011ರಲ್ಲಿ ಸುಪ್ರೀಂ ಕೋರ್ಟು ರದ್ದು ಮಾಡಿತು. ಆಮೇಲೆ ಅಲ್ಲಿ ಅಡ್ಡಾದಿಡ್ಡಿ ಫ್ಲಾಟುಗಳು ಎದ್ದವು. 2018ರ ಜುಲೈ 17ರ ರಾತ್ರಿ ಎರಡು ಕಟ್ಟಡ ಕುಸಿದು ಒಂಬತ್ತು ಜನ ಸತ್ತರು. ಆ ಗೋಡೆಗಳು ಏಳುವಾಗ ದಿನಾ ನೋಡಿದವರು ಸಾವಿರಾರು ಜನ. ಒಂದು ಚುನಾಯಿತ ಸಭೆ ಇದ್ದಿದ್ದರೆ ಕಟ್ಟಡ ಬೀಳುತ್ತಲೇ ಇರಲಿಲ್ಲ ಅಂತ ನಾನು ಪ್ರಮಾಣ ಮಾಡುವುದಿಲ್ಲ, ಪಂಚಾಯ್ತಿಗಳಲ್ಲೂ ಕಳ್ಳರಿದ್ದಾರೆ. ಆದರೆ ಎದ್ದು ನಿಂತು "ಇದಕ್ಕೆ ನಕ್ಷೆ ಪಾಸಾಗಿದೆಯಾ?" ಅಂತ ಎಲ್ಲರೆದುರು ಕೇಳಲು ಒಂದು ಜಾಗವಾದರೂ ಇರುತ್ತಿತ್ತು.

"ನಾವು ಹೊರಗಿನವರು ಸ್ವಾಮಿ, ಯುಪಿ ರಾಜಕೀಯ ನಮಗ್ಯಾಕೆ?" ಇದು ಎರಡನೇ ಸಬೂಬು. ಸರಿ. ಪಕ್ಕದ ನೋಯ್ಡಾದ ಸೆಕ್ಟರ್ 93ಎ ನೋಡಿ. ಎಮರಾಲ್ಡ್ ಕೋರ್ಟ್ ನಿವಾಸಿಗಳು ತಮ್ಮ ಅಂಗಳದಲ್ಲಿ ಎದ್ದ ಎರಡು ಟವರುಗಳ ವಿರುದ್ಧ ಕೋರ್ಟಿಗೆ ಹೋದರು. 2014ರಲ್ಲಿ ಅಲಹಾಬಾದ್ ಹೈಕೋರ್ಟಿನಲ್ಲಿ ಗೆದ್ದರು, 2021ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ಗೆದ್ದರು. 2022ರ ಆಗಸ್ಟ್ 28ರಂದು ಆ ಟವರುಗಳು ಹತ್ತು ಸೆಕೆಂಡಿನಲ್ಲಿ ಧೂಳಾದದ್ದನ್ನು ಟೀವಿಯಲ್ಲಿ ದೇಶವೇ ನೋಡಿತು. ಫೈಲು ಹಿಡಿದು ವರ್ಷಗಟ್ಟಲೆ ಓಡಾಡಿದವರು ಅಲ್ಲಿ ಮನೆ ಮಾಡಿಕೊಂಡಿದ್ದ ಸಾಮಾನ್ಯ ಜನ, ಕೆಲವರು ರಿಟೈರ್ ಆದವರು. "ನಾವು ಹೊರಗಿನವರು" ಅಂತ ಅವರೂ ಸುಮ್ಮನೆ ಕೂರಬಹುದಿತ್ತು.

ಹೊರಗಿನವರು ಅನ್ನುವ ನಮ್ಮವರಲ್ಲಿ ಎಷ್ಟೋ ಜನರ ಓಟು ಇನ್ನೂ ಊರಿನ ಪಟ್ಟಿಯಲ್ಲೇ ಇದೆ. "ಊರಿನ ಕೊಂಡಿ" ಅಂತೆ! 1950ರ ಜನಪ್ರಾತಿನಿಧ್ಯ ಕಾಯಿದೆಯ ಪ್ರಕಾರ ಒಬ್ಬರ ಹೆಸರು ಒಂದೇ ಕಡೆ ಇರಬೇಕು, ಅದೂ ಸಾಮಾನ್ಯವಾಗಿ ವಾಸವಿರುವ ಕಡೆ. ಆ ಓಟು ಹಾಕಲು ಅವರು ಹೋಗುವುದೂ ಇಲ್ಲ. ಅಂದರೆ ಅಲ್ಲಿ ಇದ್ದೂ ಇಲ್ಲ, ಇಲ್ಲಿ ಇದ್ದೂ ಇಲ್ಲ. ತ್ರಿಶಂಕುವಿಗಾದರೂ ಒಂದು ಸ್ವರ್ಗ ಸಿಕ್ಕಿತ್ತು.

ಕರ್ನಾಟಕದವರು ಭಾರೀ ಮೇಲು ಅಂತಲೂ ಬೀಗಬೇಕಾಗಿಲ್ಲ. ಅಬ್ದುಲ್ ನಜೀರ್ ಸಾಬ್ ಅವರ ಕಾಲದ 1983ರ ಕಾಯಿದೆ, 1987ರ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯ್ತಿ ಚುನಾವಣೆ, ಇವನ್ನು ದೇಶವೇ ತಿರುಗಿ ನೋಡಿತ್ತು. ಅದೇ ರಾಜ್ಯದಲ್ಲಿ 2016ರಲ್ಲಿ ಆಯ್ಕೆಯಾದ ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳ ಅವಧಿ 2021ರಲ್ಲಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ ಆಡಳಿತಾಧಿಕಾರಿಗಳ ಕೈಯಲ್ಲಿ ನಡೆಯಿತು. ಗ್ರೇಟರ್ ನೋಯ್ಡಾದ ರೋಗ ಶಿವಮೊಗ್ಗಕ್ಕೂ ಕಲಬುರಗಿಗೂ ಬಂದ ಹಾಗಾಯಿತು! ಎಂಎಲ್ಎಗೆ ಫೋನು ಮಾಡಿದರೆ ಎತ್ತುವಷ್ಟು ವರ್ಚಸ್ಸು ಇರುವ ನಮ್ಮವರು ಈ ಬಗ್ಗೆ ಒಂದು ಮಾತು ಕೇಳಿದ್ದು ನನಗೆ ಗೊತ್ತಿಲ್ಲ. ಮಹಾದ್ವಾರದ ಉದ್ಘಾಟನೆಗೆ ಡೇಟು ಕೇಳಲು ಮಾತ್ರ ಫೋನು ಹೋಗಿತ್ತು.

ಏನು ಮಾಡಬೇಕು ಅಂತ ಕೇಳುತ್ತೀರಾದರೆ, ದೊಡ್ಡದೇನೂ ಇಲ್ಲ. ಊರಿಗೆ ದುಡ್ಡು ಕೊಡಿ, ಆದರೆ ವರ್ಷಕ್ಕೊಮ್ಮೆ ಸಭೆ ಕರೆದು ಲೆಕ್ಕ ಓದುವ ಸಂಘಕ್ಕೆ ಕೊಡಿ. ಯಾವುದಕ್ಕೆ ಅಂತ ಅಲ್ಲಿರುವವರು ತೀರ್ಮಾನಿಸಲಿ, ಕಲ್ಲಿನ ಮೇಲೆ ಹೆಸರು ಬೇಡ. ಜಾತ್ರೆಗೆ ರಜ ಹಾಕುವವರು ಒಂದು ವರ್ಷ ಗ್ರಾಮಸಭೆಯ ದಿನ ರಜ ಹಾಕಿ. ಓಟಿಲ್ಲದಿದ್ದರೆ ಹಿಂದಿನ ಬೆಂಚಿನಲ್ಲಿ ಕೂತು ಕೇಳಿ, ಊರು ಸತ್ತಿದೆಯೋ ಬದುಕಿದೆಯೋ ಅಂತ ಅಲ್ಲಿ ತಿಳಿಯುತ್ತದೆ. ಓಟನ್ನು ಇಲ್ಲಿಗೆ ವರ್ಗಾಯಿಸಿ. ನಿಮ್ಮ ಸೊಸೈಟಿಯ ವಾರ್ಷಿಕ ಸಭೆಗೆ ಹೋಗಿ, ಕಾರ್ ಪಾರ್ಕಿಂಗ್ ಜಗಳ ಮುಗಿದ ಮೇಲೂ ಕೂತಿರಿ, ಲೆಕ್ಕ ಓದುವುದು ಆಮೇಲೆಯೇ. ನಮಗೆ ಯಾಕೆ ವಾರ್ಡ್ ಇಲ್ಲ ಅಂತ ಎಂಎಲ್ಎ, ಎಂಪಿ ಓಟು ಕೇಳಲು ಬಂದಾಗ ಕೇಳಿ. ಕನ್ನಡ ಬಳಗದವರು ನವೆಂಬರಿನ ಕಾರ್ಯಕ್ರಮಕ್ಕೆ ಪಕ್ಕದ ಹಳ್ಳಿಯವರನ್ನೂ ಕರೆಯಿರಿ. ಅವರ ರಾಗಿಣಿ, ನಮ್ಮ ಯಕ್ಷಗಾನ, ಒಂದೇ ವೇದಿಕೆ ಸಾಕು.

ಇದಿಷ್ಟನ್ನೂ ಮಾಡಲು ಪುರುಸೊತ್ತಿಲ್ಲವೇ? ಇರಲಿ, ಯಾರನ್ನೂ ಬಲವಂತ ಮಾಡಲಾಗುವುದಿಲ್ಲ. ಆದರೆ ಮುಂದಿನ ಯುಗಾದಿಗೆ ಎಲೆಯ ಮುಂದೆ ಕೂತು "ಊರಿನವರಿಗೆ ಅಭಿಮಾನವೇ ಇಲ್ಲ" ಅಂತ ಶುರು ಮಾಡಿದರೆ, ನಾನು ಒಬ್ಬಟ್ಟು ಪಕ್ಕಕ್ಕಿಟ್ಟು ಮೊದಲು ಎಸ್‌ಡಿಎಂಸಿ ಅಧ್ಯಕ್ಷರ ಹೆಸರು ಕೇಳುತ್ತೇನೆ. ಉತ್ತರ ರೆಡಿ ಇಟ್ಟುಕೊಂಡು ಬನ್ನಿ.