ಇಸ್ಪೀಟಿನ ಮೇಜು: ಪಣವನ್ನೇರಿಸದೆ ಉಳಿಯುವುದು ಯಾವಾಗ?

ಟೆಕ್ಸಾಸ್ ಹೋಲ್ಡೆಮ್ ಎಂಬ ಪೋಕರ್ ಆಟವನ್ನು ಹೊಸದಾಗಿ ಕಲಿತವರಲ್ಲಿ ಒಂದು ಅಭ್ಯಾಸವು ಬಹಳವಾಗಿ ಕಂಡುಬರುವುದು. ಕೈಗೆ ಬಂದ ಎರಡೆಲೆಗಳು ತೀರ ಹೀನವಲ್ಲವೆಂದು ತೋರಿದೊಡನೆ, ಇತರರು ಇಟ್ಟಷ್ಟನ್ನೇ ತಾವೂ ಇಟ್ಟು, ಮೇಜಿನ ಮೇಲೆ ಬೀಳುವ ಮೂರೆಲೆಗಳನ್ನು ನೋಡೋಣವೆಂದು ಸುಮ್ಮನೆ ಕುಳಿತಿರುವರು. ಇಟ್ಟಷ್ಟನ್ನೇ ಇಡುವುದಕ್ಕೆ ಕಾಲ್ ಎಂದೂ, ಆ ಮೂರೆಲೆಗಳಿಗೆ ಫ್ಲಾಪ್ ಎಂದೂ ಹೆಸರು. ಹೀಗೆ ಆಡುವ ವಾಚಕರೊಬ್ಬರು, ಒಂದೇ ಸಾರಿಗೆ ಹೆಚ್ಚಾಗಿ ಸೋಲದಿದ್ದರೂ ಪ್ರತಿ ಸಂಜೆಯೂ ತಮ್ಮ ರಾಶಿಯು ಸವೆಯುತ್ತ ಬರುವುದೆಂದು ಬರೆದು, ತಾಳ್ಮೆಯಿಂದ ಆಡುವವನಿಗೆ ಈ ಗತಿಯೇಕೆಂದು ಕೇಳಿರುವರು. ಅವರು ಆಡುವುದು ಹುಣಿಸೆಬೀಜಗಳನ್ನಿಟ್ಟು ಎಂಬುದು ಸಂತೋಷದ ಸಂಗತಿ. ಹಣವಿಟ್ಟಾಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯು 2025ರಲ್ಲಿ ಸಂಸತ್ತಿನಲ್ಲಿ ಅಂಗೀಕೃತವಾಯಿತು. ಹುಣಿಸೆಬೀಜದ ಗೊಡವೆಗೆ ಯಾರೂ ಬಂದಿಲ್ಲ.

ನಮ್ಮ ಅಭಿಪ್ರಾಯದಲ್ಲಿ ಅದು ತಾಳ್ಮೆಯೇ ಅಲ್ಲ. ತಾಳ್ಮೆಯುಳ್ಳವನು ಹೀನವಾದ ಎಲೆಗಳನ್ನು ಬಿಟ್ಟುಬಿಡುವನು. ಇವರಾದರೋ ಬಿಡಲಾರರು, ಏರಿಸಲೂ ಅಂಜುವರು. ಪಣವನ್ನೇರಿಸಿದವನಿಗೆ ಗೆಲ್ಲಲು ಎರಡು ದಾರಿಗಳುಂಟು: ಎಲ್ಲರೂ ಎಲೆಗಳನ್ನು ಬಿಟ್ಟರೆ ಅಲ್ಲಿಯೇ ಗೆಲುವು, ಇಲ್ಲವಾದರೆ ಕೊನೆಯಲ್ಲಿ ಎಲೆಗಳ ಬಲದಿಂದ ಗೆಲುವು. ಕಾಲ್ ಮಾಡಿದವನಿಗೆ ಮೊದಲನೆಯ ದಾರಿಯು ಆ ಸುತ್ತಿನ ಮಟ್ಟಿಗೆ ಮುಚ್ಚಿತು. ಎರಡನೆಯದೂ ಸುಗಮವಲ್ಲ, ಬೇರೆ ಬೇರೆ ಬೆಲೆಯ ಎರಡೆಲೆಗಳನ್ನು ಹಿಡಿದವನಿಗೆ ಫ್ಲಾಪಿನಲ್ಲಿ ಅವುಗಳಿಗೆ ಜೊತೆ ಸಿಕ್ಕುವುದು ಮೂರು ಸಲಕ್ಕೆ ಸುಮಾರು ಒಮ್ಮೆ. ಇದಲ್ಲದೆ, ಏರಿಸದೆ ಬಿಟ್ಟರೆ ಹಿಂದಿನವರೂ ಅಗ್ಗದಲ್ಲಿ ಒಳಗೆ ಬರುವರು. ಎರಡು ಎಕ್ಕಗಳನ್ನು ಹಿಡಿದವನು ಯಾವುದೋ ಎಲೆಗಳನ್ನು ಹಿಡಿದ ಒಬ್ಬನೆದುರಿಗೆ ನೂರಕ್ಕೆ 85 ಸಲ ಗೆಲ್ಲುವನು. ಅಂಥವರು ನಾಲ್ವರಾದರೆ ಗೆಲುವು ಸುಮಾರು 56ಕ್ಕೆ ಇಳಿಯುವುದು.

ಈ ವಿಷಯದಲ್ಲಿ ಯಂತ್ರದ ಸಾಕ್ಷ್ಯವೂ ದೊರೆತಿದೆ. 2019ರಲ್ಲಿ ಅಮೆರಿಕದ ನೋಮ್ ಬ್ರೌನ್ ಮತ್ತು ಟುಮಾಸ್ ಸ್ಯಾಂಡ್‌ಹೋಮ್ ಎಂಬ ವಿದ್ವಾಂಸರು ರಚಿಸಿದ ಪ್ಲುರಿಬಸ್ ಎಂಬ ಗಣಕಯಂತ್ರದ ಕ್ರಮವು ಆರು ಜನರ ಆಟದಲ್ಲಿ ವೃತ್ತಿನಿರತರಾದ ಆಟಗಾರರನ್ನು ಸೋಲಿಸಿತು. ಮನುಷ್ಯರ ಆಟವನ್ನು ಅದಕ್ಕೆ ಯಾರೂ ಕಲಿಸಿರಲಿಲ್ಲ. ತನ್ನೊಡನೆ ತಾನೇ ಆಡಿಕೊಂಡು ಕಲಿಯಿತು. ದೊಡ್ಡ ಬ್ಲೈಂಡಿನಷ್ಟನ್ನೇ ಇಟ್ಟು ಒಳಗೆ ಬರುವುದನ್ನು ಅದೂ ಮೊದಮೊದಲು ಪ್ರಯೋಗಿಸಿ ನೋಡಿ, ಬರಬರುತ್ತ ಕೈಬಿಟ್ಟಿತು. ಚಿಕ್ಕ ಬ್ಲೈಂಡಿನವನಿಗೆ ಮಾತ್ರ ಅದು ಅಪವಾದ. ಎಲೆ ಹಂಚುವ ಮುನ್ನವೇ ಇಬ್ಬರು ಕಡ್ಡಾಯವಾಗಿ ಇಡತಕ್ಕ ಪಣಗಳಿಗೆ ಬ್ಲೈಂಡ್ ಎಂಬ ಹೆಸರಷ್ಟೆ. ಚಿಕ್ಕದನ್ನಿಟ್ಟವನು ಸಾಮಾನ್ಯವಾಗಿ ಅರ್ಧವನ್ನು ಆಗಲೇ ತೆತ್ತಿರುವನು, ಮಿಕ್ಕವರು ಬಿಟ್ಟುಹೋಗಿದ್ದರೆ ಅವನ ಮುಂದೆ ಉಳಿದಿರುವವನು ಒಬ್ಬನೇ.

ಇಷ್ಟರಿಂದ ಕಾಲ್ ಮಾಡಲೇಕೂಡದೆಂದು ತಿಳಿಯಬಾರದು. ಮೊದಲಾಗಿ ಒಳಗೆ ಬರುವವನು ಏರಿಸಿ ಬರುವುದು ಲೇಸು. ಮತ್ತೊಬ್ಬನು ಏರಿಸಿದ ಮೇಲಿನ ಮಾತು ಬೇರೆ. ದೊಡ್ಡ ಬ್ಲೈಂಡಿನವನ ಸ್ಥಿತಿಯನ್ನೇ ನೋಡಿರಿ. ಬ್ಲೈಂಡುಗಳು 1 ಮತ್ತು 2 ಬೀಜಗಳು. ಕೊನೆಯ ಸ್ಥಾನದವನು 5ಕ್ಕೆ ಏರಿಸಿದನು. ಚಿಕ್ಕ ಬ್ಲೈಂಡಿನವನು ಬಿಟ್ಟನು. ಮಧ್ಯದಲ್ಲಿ 8 ಬೀಜಗಳಿವೆ, ನೀವು ಸೇರಿಸಬೇಕಾದುದು 3 ಮಾತ್ರ. ಹನ್ನೊಂದರಲ್ಲಿ ಮೂರು ಪಾಲು, ಎಂದರೆ ನೂರಕ್ಕೆ ಸುಮಾರು 27 ಗೆಲುವು ದಕ್ಕಿದರೆ ನಷ್ಟವಿಲ್ಲ. ಇಸ್ಪೀಟಿನ ಒಂಬತ್ತು, ಇಸ್ಪೀಟಿನ ಎಂಟು ನಿಮ್ಮಲ್ಲಿದ್ದರೆ, ಎಕ್ಕ-ರಾಜನನ್ನು ಹಿಡಿದವನ ಎದುರಿಗೂ ನೂರಕ್ಕೆ ಸುಮಾರು 40 ಗೆಲುವು ಉಂಟು. ನಿಮ್ಮ ಹಿಂದೆ ಮತ್ತೆ ಏರಿಸತಕ್ಕವರು ಯಾರೂ ಉಳಿದಿಲ್ಲವಾದುದರಿಂದ ಆ ಭಯವೂ ಇಲ್ಲ. ಆದರೆ ಮುಂದಿನ ಸುತ್ತುಗಳಲ್ಲಿ ಅವನಿಗಿಂತ ಮೊದಲು ನೀವೇ ಆಡಬೇಕಾಗುವ ಕಾರಣ, ಲೆಕ್ಕಕ್ಕಿಂತ ಸ್ವಲ್ಪ ಹೆಚ್ಚಿನ ಆಸರೆಯನ್ನಿಟ್ಟುಕೊಳ್ಳುವುದು ಜಾಣತನ.

ಕೊನೆಯ ಸ್ಥಾನದಲ್ಲಿ ಕುಳಿತಾಗಲೂ ಕಾಲ್ ಸಲ್ಲುವುದು. ಎದುರಾಳಿಯ ನಡೆಯನ್ನು ನೋಡಿ ಆಡುವ ಸೌಕರ್ಯವು ಅಲ್ಲಿಯದು. ಆದರೂ ಡೇವಿಡ್ ಸ್ಕ್ಲಾನ್ಸ್ಕಿಯವರು ಹೇಳಿರುವಂತೆ, ತಾನಾಗಿ ಏರಿಸಲು ಬೇಕಾದುದಕ್ಕಿಂತ ಮತ್ತೊಬ್ಬನ ಏರಿಕೆಯನ್ನು ಎದುರಿಸಲು ಮೇಲಾದ ಎಲೆಗಳು ಬೇಕು. ರಾಜ-ಗುಲಾಮರು ನೋಡಲು ಚೆನ್ನ. ಆದರೆ ಮೊದಲನೆಯ ಸ್ಥಾನದಿಂದ ಏರಿಸಿದವನಲ್ಲಿ ಎಕ್ಕ-ರಾಜರಿದ್ದರೆ ನಿಮಗೆ ದಕ್ಕುವುದು ನಾಲ್ಕರಲ್ಲೊಂದು ಗೆಲುವು ಮಾತ್ರ. ರಾಜನು ಫ್ಲಾಪಿನಲ್ಲಿ ಬಂದರಂತೂ ಹೆಚ್ಚು ಕಳೆದುಕೊಳ್ಳುವವರು ನೀವೇ.

ಸಣ್ಣ ಜೋಡಿಗಳ ಮಾತು ಬೇರೆ. ಎರಡು ಐದುಗಳಿದ್ದರೆ, ಫ್ಲಾಪಿನಲ್ಲಿ ಮತ್ತೊಂದು ಐದು ಬರುವುದು ಸುಮಾರು ಎಂಟೂವರೆ ಸಲಕ್ಕೊಮ್ಮೆ. ಬಂದಾಗ ಎದುರಾಳಿಯು ತಿಳಿಯದೆ ಬಹಳವಾಗಿ ತೆರುವನು, ಆದರೆ ಪ್ರತಿ ಸಲವೂ ಅಲ್ಲ. ಆದಕಾರಣ ನೀವು ಇಡುವುದರ ಹದಿನೈದು ಪಾಲಾದರೂ ಅವನ ಮುಂದೆಯೂ ನಿಮ್ಮ ಮುಂದೆಯೂ ಉಳಿದಿರಬೇಕು. ಅವನಲ್ಲಿ ಇಪ್ಪತ್ತೇ ಬೀಜಗಳಿರುವಾಗ ಐದನ್ನು ತೆತ್ತು ಮೂರನೆಯ ಐದಕ್ಕಾಗಿ ಕಾಯುವುದು ಬರಿಯ ದುಂದು.

ಇನ್ನು, ಎಕ್ಕದ ಜೋಡಿಯನ್ನು ಬಚ್ಚಿಟ್ಟು, ಕಾಲ್ ಮಾಡಿ ಹೊಂಚುಹಾಕುವವರುಂಟು. ಹಿಂದೆ ಕುಳಿತವರಲ್ಲಿ ಪದೇ ಪದೇ ಏರಿಸುವ ಸ್ವಭಾವದವನೊಬ್ಬನಿದ್ದರೆ ಈ ಉಪಾಯವು ಫಲಿಸೀತು. ನಮ್ಮ ವಾಚಕರ ಮೇಜಿನಲ್ಲಿ ಎಲ್ಲರೂ ಕಾಲ್ ಮಾಡುವವರೇ ಎಂದು ಅವರ ಪತ್ರದಿಂದ ತಿಳಿಯುವುದು. ಅಲ್ಲಿ ಎಕ್ಕಗಳು ಬಂದಾಗ ನಿಸ್ಸಂಕೋಚವಾಗಿ ಏರಿಸತಕ್ಕದ್ದು.