ಬಂಡೆಗೆ ಸಸಿಯಿಲ್ಲ

ಮನುಷ್ಯನ ಮೈಮೇಲೆ ಹಲ್ಲಿ ಬಿದ್ದರೆ ಏನು ಫಲವೆಂಬುದಕ್ಕೆ ನಮ್ಮ ಪಂಚಾಂಗಗಳಲ್ಲಿ ದೊಡ್ಡ ಪಟ್ಟಿಯೇ ಇರುತ್ತದೆ. ಹಲ್ಲಿಯ ಮೇಲೆ ಮನುಷ್ಯ ಬಿದ್ದರೆ ಏನಾಗುತ್ತದೆಂದು ಯಾರೂ ಬರೆದಿಟ್ಟಂತಿಲ್ಲ. ಘಟ್ಟದ ರಸ್ತೆಯೊಂದರಲ್ಲಿ ಈಚೆಗೆ ನಿಂತಿದ್ದಾಗ ನನಗೆ ಇದು ನೆನಪಾಯಿತು. ರಸ್ತೆ ವಿಸ್ತರಣೆಗೆಂದು ಪಾಚಿಗಟ್ಟಿದ ಬಂಡೆಗಳನ್ನು ಸಿಡಿಸಿ ಬದಿಗೆ ಒಟ್ಟಿದ್ದರು. ಕಡಿಯಬೇಕಾದ ಮರಗಳಿಗೆ ಬಣ್ಣದಲ್ಲಿ ಸಂಖ್ಯೆ ಬರೆದಿದ್ದರು. ‘ಕಲ್ಲುಗಳ ಲೆಕ್ಕ ಇಟ್ಟಿದ್ದೀರಾ?’ ಎಂದು ಮೇಸ್ತ್ರಿಯನ್ನು ಕೇಳಿದೆ. ‘ಇಟ್ಟಿದ್ದೇವಲ್ಲ ಸಾರ್, ಎಷ್ಟು ಲೋಡು ಅಂತ’ ಎಂದ.

ಆ ಕಲ್ಲುಗಳನ್ನೇ ನಂಬಿದ ಜೀವಿಗಳಿವೆ. ಸಹ್ಯಾದ್ರಿಯ ಕಾಡುಗಳ ನೆಮಾಸ್ಪಿಸ್ ಕುಲದ ಪುಟ್ಟ ಹಲ್ಲಿಗಳು ಅಂಥವು. ನಮ್ಮ ಗೋಡೆಯ ಹಲ್ಲಿ ನಿಶಾಚರಿ. ಅದರ ಕಣ್ಣಪಾಪೆ ಸೀಳಿನಂತೆ. ಇವುಗಳದು ದುಂಡು ಪಾಪೆ. ಹೆಚ್ಚಿನವು ಹಗಲಿನಲ್ಲೇ ಹುಳುಹುಪ್ಪಟೆ ಹಿಡಿಯುತ್ತವೆ. ನುಣುಪು ಗೋಡೆಗೆ ಅಂಟಿಕೊಳ್ಳುವ ಅಗಲ ಬೆರಳುಗಳು ಇವಕ್ಕಿಲ್ಲ. ತೆಳು ಬೆರಳುಗಳ ಉಗುರಿನಿಂದಲೇ ಒರಟು ಕಲ್ಲನ್ನು ಹಿಡಿದು ಓಡುತ್ತವೆ. ಅನೇಕ ಪ್ರಭೇದಗಳಿಗೆ ಬಂಡೆಯ ಬಿರುಕೇ ಮನೆ, ಮೊಟ್ಟೆಯಿಡುವುದೂ ಅಲ್ಲೇ. ಮೈಬಣ್ಣವೂ ಕಲ್ಲಿನದೇ ಆದ್ದರಿಂದ ಅಲುಗಾಡುವವರೆಗೆ ಕಣ್ಣಿಗೆ ಬೀಳುವುದಿಲ್ಲ.

ಈ ಕುಲವನ್ನು ನಾವು ಇನ್ನೂ ಎಣಿಸಿ ಮುಗಿಸಿಲ್ಲ. ಉತ್ತರ ಕನ್ನಡದ ಗುಂದದ ಎರಡು ಪ್ರಭೇದಗಳನ್ನು ಆರನ್ ಬಾವರ್ ವಿವರಿಸಿದ್ದು 2002ರಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಇದ್ದ ತಂಡವೊಂದು 2021ರಲ್ಲಿ ಪಶ್ಚಿಮ ಘಟ್ಟಗಳಿಂದ ಒಮ್ಮೆಗೇ 12 ಹೊಸ ಪ್ರಭೇದಗಳನ್ನು ಹೆಸರಿಸಿತು. ಕೆಲವಕ್ಕೆ ಒಂದೇ ಬೆಟ್ಟಸಾಲು ಇಡೀ ಜಗತ್ತು. ಬಿಸಿಲಿನ ಬಯಲು ದಾಟಿ ಆಚೆಯ ಬೆಟ್ಟಕ್ಕೆ ಅವು ಹೋಗಲಾರವು.

ನಮ್ಮ ಕಾನೂನಿಗೆ ಮರ ಕಾಣುತ್ತದೆ. ರಾಜ್ಯದ 1976ರ ಕಾಯ್ದೆಯಂತೆ ಮರ ಕಡಿಯಲು ಅನುಮತಿ ಬೇಕು. ಪರಿಹಾರಾತ್ಮಕ ಅರಣ್ಯೀಕರಣ ನಿಧಿಗೆ 2016ರಿಂದ ಪ್ರತ್ಯೇಕ ಕಾಯ್ದೆಯೇ ಇದೆ. ನೆಟ್ಟ ಸಸಿ ಕಳೆದುಹೋದ ಮರಕ್ಕೆ ಸಮವೇ ಎಂಬುದು ಬೇರೆ ಚರ್ಚೆ, ಬಂಡೆಗಂತೂ ಸಸಿಯಿಲ್ಲ. ಕಡತಗಳಲ್ಲಿ ಅದಕ್ಕಿರುವುದು ಟನ್ನಿಗಿಷ್ಟೆಂಬ ರಾಜಧನದ ಲೆಕ್ಕ.

ರಸ್ತೆಯೇ ಬೇಡವೆಂಬ ವಾದ ನನ್ನದಲ್ಲ. ಘಟ್ಟದ ಮೇಲಿನ ರೋಗಿ ಆಸ್ಪತ್ರೆ ತಲುಪಬೇಕು. ನಗರದಲ್ಲಿ ಕುಳಿತ ನಾನು ಅದನ್ನು ಅಲ್ಲಗಳೆಯಲಾರೆ. ಕೇಳುವುದಿಷ್ಟೇ: ಟೆಂಡರ್ ಕರೆಯುವ ಮೊದಲು, ಮಳೆಗಾಲದಲ್ಲೊಮ್ಮೆ ಬೇಸಿಗೆಯಲ್ಲೊಮ್ಮೆ, ಬಲ್ಲವರೊಬ್ಬರು ಆ ಬಂಡೆಗಳನ್ನು ಹಗಲಿನಲ್ಲಿ ನೋಡಿಬರಲಿ. ಕಂಡದ್ದನ್ನು ಮರಗಳ ಪಟ್ಟಿಯ ಪಕ್ಕದಲ್ಲೇ ಪ್ರಕಟಿಸಲಿ. ರಸ್ತೆಯನ್ನು ಎಡಕ್ಕೆ ಹಿಗ್ಗಿಸಬೇಕೋ ಬಲಕ್ಕೋ ಎಂಬುದನ್ನು ಎಂಜಿನಿಯರರು ಅದನ್ನು ಓದಿದ ಮೇಲೆ ತೀರ್ಮಾನಿಸಲಿ.