ಮಲ್ಬಾಗೂ ಒಂದು ಬೆಲೆ ಬರಲಿ

ಹಳೇ ಮನೆ ಕೆಡವಿದಾಗ ಉಳಿಯುವ ಇಟ್ಟಿಗೆ ಚೂರು, ಗಾರೆ, ಕಾಂಕ್ರೀಟ್ ತುಂಡುಗಳಿಗೆ ನಮ್ಮ ಮನೆಯ ಉರ್ದುವಿನಲ್ಲಿ ‘ಮಲ್ಬಾ’ ಎನ್ನುತ್ತಾರೆ. ಸರ್ಕಾರಿ ಭಾಷೆಯಲ್ಲಿ ಅದು ‘ಕಟ್ಟಡ ನಿರ್ಮಾಣ ಮತ್ತು ಕೆಡವುವಿಕೆ ತ್ಯಾಜ್ಯ’. ಹೆಸರು ಯಾವುದಾದರೂ ಇರಲಿ, ನಮ್ಮ ಊರಿನಲ್ಲಿ ಅದು ಹೋಗಿ ಸೇರುವ ಜಾಗಗಳು ಎಲ್ಲರಿಗೂ ಗೊತ್ತು: ಕೆರೆಯ ಅಂಚು, ರಾಜಕಾಲುವೆಯ ಪಕ್ಕ, ಬೈಪಾಸ್ ಬಳಿಯ ಖಾಲಿ ಸೈಟುಗಳು. ಮಳೆಗಾಲದಲ್ಲಿ ಕಾಲುವೆ ಕಟ್ಟಿಕೊಂಡಾಗ ನೀರು ನುಗ್ಗುವುದು ತಗ್ಗಿನ ಮೊಹಲ್ಲಾಗಳಿಗೆ. ನಮ್ಮ ಕಾಲೇಜಿನ ಎಷ್ಟೋ ವಿದ್ಯಾರ್ಥಿಗಳು ಅಲ್ಲಿಂದಲೇ ಬರುತ್ತಾರೆ.

ಇದಕ್ಕೆ ಸಾಮಾನ್ಯವಾಗಿ ಕೇಳಿಬರುವ ಉತ್ತರ, ‘ಜನರಿಗೆ ಬುದ್ಧಿ ಇಲ್ಲ’ ಎಂಬುದು. ವಾಣಿಜ್ಯ ವಿಭಾಗದ ವಿದ್ಯಾರ್ಥಿನಿಯಾದ ನನಗೆ ಇದು ಬುದ್ಧಿಗಿಂತ ಹೆಚ್ಚಾಗಿ ಲೆಕ್ಕದ ವಿಷಯ ಎನಿಸುತ್ತದೆ.

ನನ್ನ ಮಾಮು ಹಳೇ ಕಟ್ಟಡ ಕೆಡವುವ ಗುತ್ತಿಗೆ ಮಾಡುತ್ತಾರೆ. ಅವರ ಕೆಲಸದಲ್ಲಿ ಯಾವ ವಸ್ತು ಎಲ್ಲಿಗೆ ಹೋಗುತ್ತದೆ ನೋಡಿ. ಕಬ್ಬಿಣ ಗುಜರಿಗೆ. ತೇಗದ ಬಾಗಿಲು, ಕಿಟಕಿ, ತೊಲೆ ಹಳೇ ಮರದ ಅಂಗಡಿಗೆ. ಒಡೆಯದ ಮಂಗಳೂರು ಹೆಂಚನ್ನು ಹಳ್ಳಿಯವರು ಬಂದು ಒಯ್ಯುತ್ತಾರೆ. ಇಡಿಯಾಗಿ ಬಿಡಿಸಿದ ಇಟ್ಟಿಗೆಗೂ ಚಪ್ಪಡಿ ಕಲ್ಲಿಗೂ ಗಿರಾಕಿ ಇದ್ದಾರೆ. ಇವುಗಳಲ್ಲಿ ಒಂದೂ ಕೆರೆಗೆ ಹೋಗುವುದಿಲ್ಲ. ಹೋಗುವುದು ಬೆಲೆ ಇಲ್ಲದ ಮಲ್ಬಾ ಮಾತ್ರ. ಅದನ್ನು ಎಲ್ಲಿ ಹಾಕಬೇಕು ಎಂದು ಕೇಳಿದರೆ ‘ಇಲ್ಲಿ ಹಾಕಬೇಡಿ’ ಎನ್ನುವವರಿದ್ದಾರೆ, ‘ಅಲ್ಲಿ ಹಾಕಿ’ ಎನ್ನುವವರಿಲ್ಲ. ದೂರ ಹೆಚ್ಚಿದಷ್ಟೂ ಟ್ರ್ಯಾಕ್ಟರ್ ಬಾಡಿಗೆ ಏರುತ್ತದೆ. ಹಾಗಾಗಿ ಹತ್ತಿರದ ತಗ್ಗೇ ಅಗ್ಗದ ಜಾಗ. ರಾತ್ರಿ ಸುರಿದು ಬರುವ ಚಾಲಕನನ್ನು ಬೈಯುವುದು ಸುಲಭ. ಆದರೆ ಅಲ್ಲಿ ಹಣ ಉಳಿತಾಯವಾಗಿಲ್ಲ. ಮನೆ ಕಟ್ಟಿಸುವವರ ಖರ್ಚು ತಗ್ಗಿನ ಬೀದಿಯವರ ಲೆಕ್ಕಕ್ಕೆ ವರ್ಗವಾಗಿದೆ, ಅಷ್ಟೆ.

ಕಾನೂನು ಇಲ್ಲವೆಂದಲ್ಲ. ಕೇಂದ್ರ ಸರ್ಕಾರ 2016ರ ಮಾರ್ಚ್ 29ರಂದು ಈ ತ್ಯಾಜ್ಯಕ್ಕಾಗಿಯೇ ಪ್ರತ್ಯೇಕ ನಿಯಮಗಳನ್ನು ಹೊರಡಿಸಿತು. ಅದರ ಪ್ರಕಾರ ತ್ಯಾಜ್ಯ ಉಂಟುಮಾಡುವವರು ಅದನ್ನು ರಸ್ತೆ, ಚರಂಡಿಗೆ ಹಾಕುವಂತಿಲ್ಲ. ವಿಲೇವಾರಿಯ ಶುಲ್ಕ ಕೊಡಬೇಕು. ಸ್ಥಳೀಯ ಸಂಸ್ಥೆ ಕಂಟೇನರ್ ಇಡಿಸಬೇಕು, ಆಗಾಗ ತೆರವು ಮಾಡಿಸಬೇಕು, ಊರಿನಲ್ಲಿ ಎಷ್ಟು ತ್ಯಾಜ್ಯ ಬರುತ್ತದೆ ಎಂಬ ದಾಖಲೆ ಇಡಬೇಕು. ಜಾಗ ಗುರುತಿಸಲು 18 ತಿಂಗಳು, ಐದು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳಲ್ಲಿ ಘಟಕ ಆರಂಭಿಸಲು 36 ತಿಂಗಳ ಕಾಲಾವಕಾಶ ಕೊಡಲಾಗಿತ್ತು. ಅಂದರೆ 2019ರ ಮಾರ್ಚ್‌ಗೆ ನಮ್ಮಂಥ ಊರಿನ ಗಡುವೂ ಮುಗಿಯಿತು. ಆಗ ನಾನು ಪ್ರಾಥಮಿಕ ಶಾಲೆಯಲ್ಲಿದ್ದೆ.

2025ರಲ್ಲಿ ಹೊಸ ನಿಯಮಗಳು ಪ್ರಕಟವಾದವು. 2026ರ ಏಪ್ರಿಲ್ 1 ಅವು ಜಾರಿಯಾಗುವ ದಿನ. 20,000 ಚದರ ಮೀಟರ್ ಅಥವಾ ಅದಕ್ಕಿಂತ ದೊಡ್ಡ ಯೋಜನೆಗಳ ಮಾಲೀಕರು ತಮ್ಮ ತ್ಯಾಜ್ಯದ ಮರುಬಳಕೆಗೆ ತಾವೇ ಹೊಣೆ ಎಂದು ಅವು ಹೇಳುತ್ತವೆ. ಒಳ್ಳೆಯದೇ. ಆದರೆ ನಮ್ಮ ಊರಿನ ಮಲ್ಬಾ ಬರುವುದು ಅಂಥ ಕಟ್ಟಡಗಳಿಂದ ಅಲ್ಲ. 20-30 ಸೈಟಿನ ಮನೆಗಳಿಂದ, ಬಚ್ಚಲು ಮನೆ ರಿಪೇರಿಯಿಂದ, ರಸ್ತೆ ಅಗಲೀಕರಣಕ್ಕೆ ಮುಂಭಾಗ ಕಳೆದುಕೊಂಡ ಅಂಗಡಿಗಳಿಂದ. ಈ ಚಿಲ್ಲರೆ ಮಲ್ಬಾವನ್ನು ನೋಡಿಕೊಳ್ಳಬೇಕಾದದ್ದು ಊರಿನ ಆಡಳಿತವೇ.

ಮಾಡಲು ಆಗದ ಕೆಲಸವೇನಲ್ಲ. ದೆಹಲಿಯ ಬುರಾರಿಯಲ್ಲಿ 2009ರಿಂದಲೇ ಕಟ್ಟಡ ತ್ಯಾಜ್ಯವನ್ನು ಪುಡಿ ಮಾಡಿ ಮರಳು, ಜಲ್ಲಿ, ಇಂಟರ್‌ಲಾಕ್ ಬ್ಲಾಕ್ ತಯಾರಿಸಲಾಗುತ್ತಿದೆ. ನಮ್ಮದೇ ರಾಜ್ಯದಲ್ಲಿ ಬೆಂಗಳೂರಿನ ಚಿಕ್ಕಜಾಲದಲ್ಲೂ ಘಟಕ ಬಂದಿದೆ. ಜಲ್ಲಿ, ಮರಳಿನ ಗುಣಮಟ್ಟ ಹೇಳುವ ಭಾರತೀಯ ಮಾನಕ ಐಎಸ್ 383, 2016ರ ಪರಿಷ್ಕರಣೆಯಲ್ಲಿ, ಸಾದಾ ಕಾಂಕ್ರೀಟಿನಲ್ಲಿ ಶೇ 25ರವರೆಗೆ ಹಳೇ ಕಾಂಕ್ರೀಟಿನ ಜಲ್ಲಿ ಬಳಸಲು ಒಪ್ಪಿದೆ.

ಹಾಗಾದರೆ ನಮ್ಮ ಊರು ಏನು ಮಾಡಬಹುದು? ನನ್ನ ಸಲಹೆ ಮೂರು.

ಮೊದಲು, ಊರಿನ ಎರಡು ದಿಕ್ಕಿನಲ್ಲಿ ಎರಡು ಜಾಗ ಗೊತ್ತುಮಾಡಿ, ಬೇಲಿ ಹಾಕಿ, ಬೋರ್ಡು ನಿಲ್ಲಿಸಲಿ. ಟ್ರ್ಯಾಕ್ಟರ್‌ಗೆ ಹತ್ತಿರವಾಗುವಂತಿರಲಿ. ಹಾಕಲು ಜಾಗ ಕೊಟ್ಟ ಮೇಲೆ ದಂಡ ಹಾಕುವ ಹಕ್ಕು ತಾನಾಗಿ ಬರುತ್ತದೆ.

ಎರಡನೆಯದು, ಕಟ್ಟಡ ಪರವಾನಗಿ ಕೊಡುವಾಗಲೇ ವಿಸ್ತೀರ್ಣಕ್ಕೆ ತಕ್ಕಂತೆ ಠೇವಣಿ ಕಟ್ಟಿಸಿಕೊಳ್ಳಲಿ. ಮಲ್ಬಾ ಹಾಕಿದ ರಸೀದಿ ತೋರಿಸಿದವರಿಗೆ ಹಣ ವಾಪಸ್. ಇದು ಬಡವರಿಗೆ ಹೊರೆಯಲ್ಲವೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಒಂದೆರಡು ಕೋಣೆ ಕಟ್ಟಿಕೊಳ್ಳುವವರಿಗೆ ಠೇವಣಿ ಬೇಡ, ಮೊದಲ ಎರಡು ಲೋಡಿಗೆ ಶುಲ್ಕವೂ ಬೇಡ. ಈಗಿನ ವ್ಯವಸ್ಥೆಯಲ್ಲಿ ಬಡವರು ಪ್ರತಿ ಮಳೆಗೆ ತೊಯ್ದ ಹಾಸಿಗೆ, ಹಾಳಾದ ಅಕ್ಕಿಯ ರೂಪದಲ್ಲಿ ಕಟ್ಟುತ್ತಿರುವುದು ಇದಕ್ಕಿಂತ ದೊಡ್ಡ ಹೊರೆ.

ಮೂರನೆಯದು, ಕೊಳ್ಳುವವರು ಬೇಕು. ಗಿರಾಕಿ ಇಲ್ಲದ ಸರಕನ್ನು ಯಾರೂ ತಯಾರಿಸುವುದಿಲ್ಲ. ಸರ್ಕಾರಿ ಕಾಮಗಾರಿಗಳಲ್ಲಿ ಶೇ 10ರಿಂದ 20ರಷ್ಟು ಇಂಥ ಸಾಮಗ್ರಿ ಕೊಳ್ಳಬೇಕು ಎಂದು 2016ರ ನಿಯಮವೇ ಹೇಳಿದೆ. ಫುಟ್‌ಪಾತ್ ಬ್ಲಾಕ್, ಬಡಾವಣೆ ರಸ್ತೆಯ ಕೆಳಪದರ, ಇವಕ್ಕೆಲ್ಲ ಟೆಂಡರ್ ಕರೆಯುವವರು ಆಡಳಿತದವರೇ. ಪುಡಿ ಮಾಡುವ ಯಂತ್ರ ಒಂದು ಊರಿಗೆ ದುಬಾರಿಯಾದರೆ ಜಿಲ್ಲೆಯ ನಾಲ್ಕೈದು ಊರುಗಳು ಸೇರಿ ಸರದಿಯಲ್ಲಿ ಬಳಸಲಿ. ಗುಜರಿ, ಹಳೇ ಮರದ ವ್ಯಾಪಾರದಲ್ಲಿ ಅನುಭವ ಇರುವ ನಮ್ಮ ಜನರಿಗೆ ಇದರಲ್ಲಿ ಕೆಲಸವೂ ಸಿಗುತ್ತದೆ.

ಕೊನೆಗೆ ನಮ್ಮ ಆಡಳಿತ ಮಂಡಳಿಯವರಲ್ಲಿ ಒಂದು ವಿನಂತಿ. ಬರುವ ಬೇಸಿಗೆ ರಜೆಯಲ್ಲಿ ಕಾಲೇಜಿನ ಹಳೇ ಹೆಂಚಿನ ಕೊಠಡಿಗಳನ್ನು ಕೆಡವುವ ಯೋಚನೆ ಇದೆ ಎಂದು ಕೇಳಿದ್ದೇವೆ. ಗುತ್ತಿಗೆಯ ಕರಾರಿನಲ್ಲಿ ಒಂದು ಸಾಲು ಸೇರಿಸಿ: ಮಲ್ಬಾ ಎಲ್ಲಿಗೆ ಹೋಗುತ್ತದೆ ಎಂದು ಗುತ್ತಿಗೆದಾರರು ಬರೆದುಕೊಡಬೇಕು. ಅದೇ ಪ್ರಶ್ನೆಯನ್ನು ಲಿಖಿತವಾಗಿ ನಗರಸಭೆಗೂ ಕೇಳಿ. ಸಾಧ್ಯವಾದಷ್ಟನ್ನು ಹೊಸ ಕಟ್ಟಡದ ನೆಲ ಎತ್ತರಿಸಲು ಇಲ್ಲೇ ಬಳಸಿ. ಲೋಡುಗಳನ್ನು ಎಣಿಸಿ ಲೆಕ್ಕ ಇಡುವ ಕೆಲಸವನ್ನು ನಮ್ಮ ವಾಣಿಜ್ಯ ವಿಭಾಗದ ವಿದ್ಯಾರ್ಥಿಗಳಿಗೆ ಬಿಡಿ, ನಾವು ಮಾಡುತ್ತೇವೆ. ಆ ಪುಸ್ತಕ ಕೈಯಲ್ಲಿ ಹಿಡಿದು ನಗರಸಭೆಗೆ ಹೋದರೆ, ‘ನಿಮ್ಮ ಲೆಕ್ಕ ಎಲ್ಲಿ?’ ಎಂದು ಕೇಳುವ ಧೈರ್ಯ ನಮಗೂ ಬರುತ್ತದೆ.